ಬೆಕ್ಕಿಗೊಂದು ಅಟ್ಟ ಬೇಕು

ಮೊದಲೇ ಹೇಳಿಬಿಡ್ತೀನಿ, ನಾನು ಎಲ್‌ಕೆಜಿಯಿಂದ ಓದಿದ್ದೆಲ್ಲ ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್ ಆಗಿತ್ತು ಅಷ್ಟೆ. ಒತ್ತಕ್ಷರ ಎಲ್ಲಾದ್ರೂ ಜಾರಿದ್ರೆ ಹೊಟ್ಟೆಗೆ ಹಾಕ್ಕೊಳ್ಳಿ. ಆದ್ರೆ ಈ ವಿಷಯ ಮಾತ್ರ ನಾನು ಕನ್ನಡದಲ್ಲೇ ಬರೀಬೇಕು. ಯಾಕಂದ್ರೆ ಇದರಲ್ಲಿ ಬೈಸಿಕೊಂಡಿದ್ದೆಲ್ಲ ಕನ್ನಡದಲ್ಲೇ.

ಮೂರನೇ ಸೆಮ್ ಶುರುವಾದ ಹೊಸದರಲ್ಲಿ, ನಮ್ಮ ಹಾಸ್ಟೆಲ್ ಮೆಸ್ ಹಿಂದೆ ಗ್ಯಾಸ್ ಸಿಲಿಂಡರ್ ಇಡೋ ಜಾಗದಲ್ಲಿ ಒಂದು ಬೆಕ್ಕಿನ ಮರಿ ಸಿಕ್ತು. ಕೇಸರಿ ಬಣ್ಣ, ಅಂಗೈಯಷ್ಟು ಗಾತ್ರ. ಎರಡು ದಿನ ನೋಡಿದ್ವಿ, ತಾಯಿ ಬರಲಿಲ್ಲ. ಶುಕ್ರವಾರ ಸಂಜೆ ನಾನು ಅದನ್ನ ರಟ್ಟಿನ ಡಬ್ಬದಲ್ಲಿ ಹಾಕ್ಕೊಂಡು, ಡಬ್ಬಕ್ಕೆ ತೂತು ಮಾಡಿ, ಮೈಸೂರಿನ ಬಸ್ ಹತ್ತಿದೆ. ಮನೆಗೆ ಫೋನ್ ಮಾಡಿ ಹೇಳಲಿಲ್ಲ. ಹೇಳಿದ್ರೆ ಬೇಡ ಅಂತಾರೆ, ತಗೊಂಡು ಹೋದ್ರೆ ಏನೂ ಅನ್ನಲ್ಲ ಅನ್ನೋ ಲೆಕ್ಕ. ಹೆಸರೂ ಬಸ್ಸಲ್ಲೇ ಇಟ್ಟಾಯ್ತು, ಬೋಂಡಾ.

ನಮ್ಮನೆ ಎರಡನೇ ಮಹಡಿಯಲ್ಲಿರೋ ಎರಡು ಬೆಡ್‌ರೂಮಿನ ಮನೆ. ಅದರಲ್ಲಿ ಆಗಲೇ ಇದ್ದವರು ಅಪ್ಪ, ಅಮ್ಮ, ಅಜ್ಜಿ, ಒಂಬತ್ತು ವರ್ಷದ ಕರಿಯ ಅನ್ನೋ ನಾಯಿ, ಮತ್ತೆ ಒಂದು ಹೊಸ ಸೋಫಾ. ಸೋಫಾನೂ ಮನೆಯ ಸದಸ್ಯನೇ ಅಂತ ಯಾಕೆ ಸೇರಿಸ್ತಿದೀನಿ ಅಂದ್ರೆ, ಅದರ ಕಂತು ಇನ್ನೂ ಮುಗಿದಿರಲಿಲ್ಲ. ಅಕ್ಕನ ನಿಶ್ಚಿತಾರ್ಥಕ್ಕೆ ಅಂತ ಅಪ್ಪ ತಗೊಂಡಿದ್ದು. ಬೂದು ಬಣ್ಣದ ಬಟ್ಟೆಯ ಸೋಫಾ. ಕರಿಯನಿಗೂ ಅದರ ಮೇಲೆ ಹತ್ತೋಕೆ ಪರ್ಮಿಷನ್ ಇರಲಿಲ್ಲ.

ಮನೆಗೆ ಹೋದವಳೇ ನಾನು ಮಾಡಿದ ಕೆಲಸ ಇದು. ಒಂದು ಕೈಯಲ್ಲಿ ಮೊಬೈಲ್ ಕ್ಯಾಮೆರಾ ಆನ್ ಮಾಡಿದೆ. ಇನ್ನೊಂದು ಕೈಯಲ್ಲಿ ಬೋಂಡಾನ ಎತ್ತಿ ಕರಿಯನ ಮುಂದೆ ಹಾಲ್ ಮಧ್ಯದಲ್ಲಿ ಇಳಿಸಿದೆ. ರೀಲ್ಸ್‌ನಲ್ಲಿ ನೋಡಿದ್ದೆನಲ್ಲ, ನಾಯಿ ಬಂದು ಮೂಸುತ್ತೆ, ಮರಿಯನ್ನ ನೆಕ್ಕುತ್ತೆ, ಹಿಂದೆ ಮ್ಯೂಸಿಕ್ ಬರುತ್ತೆ.

ಮ್ಯೂಸಿಕ್ ಬರಲಿಲ್ಲ. ಕರಿಯ ಒಂದು ಹೆಜ್ಜೆ ಮುಂದೆ ಬಂದ. ಮರಿ ಬೆನ್ನು ಬಿಲ್ಲಿನ ಥರ ಬಗ್ಗಿಸಿ ಬುಸ್ ಅಂತು, ಆಮೇಲೆ ಓಡ್ತು. ಓಡೋದನ್ನ ಅಟ್ಟಿಸಿಕೊಂಡು ಹೋಗೋದು ನಾಯಿ ಬುದ್ಧಿ. ಅವನೂ ಓಡಿದ. ನಾನು ಮಧ್ಯೆ ಕೈ ಹಾಕಿದೆ. ಕರಿಯನ ಮೂಗಿಗೆ ಒಂದು ಗೀರು, ನನ್ನ ಮುಂಗೈಗೆ ಮೂರು ಗೀರು. ಬೋಂಡಾ ಸೋಫಾದ ಕೆಳಗಿನ ತೆಳು ಬಟ್ಟೆ ಹರಿದು, ಒಳಗೆ ಸ್ಪ್ರಿಂಗ್‌ಗಳ ಮಧ್ಯೆ ಹೋಗಿ ಕೂತುಬಿಡ್ತು. ಒಂದೂವರೆ ದಿನ ಹೊರಗೆ ಬರಲಿಲ್ಲ. ಊಟ ಇಲ್ಲ, ನೀರಿಲ್ಲ. ಆ ಒಂದೂವರೆ ದಿನ ಮನೆಯಲ್ಲಿ ಯಾರೂ ಸೋಫಾ ಮೇಲೆ ಕೂರಲಿಲ್ಲ, ಮರಿ ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತೋ ಅಂತ. ಅಪ್ಪ ಪ್ಲಾಸ್ಟಿಕ್ ಕುರ್ಚಿ ಹಾಕ್ಕೊಂಡು ನ್ಯೂಸ್ ನೋಡಿದ್ರು. ಕರಿಯ ಸೋಫಾ ಮುಂದೆ ಮಲಗಿ ಕಾವಲು ಕಾಯ್ತಿದ್ದ.

ಫೋನಿನಲ್ಲಿ ಈ ಸುದ್ದಿ ಕೇಳಿದವರೆಲ್ಲ ನನಗೆ ಹೇಳಿದ್ದು ಒಂದೇ ಮಾತು, "ಬಿಡೇ, ಎರಡು ದಿನದಲ್ಲಿ ಅಡ್ಜಸ್ಟ್ ಆಗ್ತಾವೆ."

ನನ್ನ ಜಗಳ ಇರೋದು ಈ "ಅಡ್ಜಸ್ಟ್ ಆಗ್ತಾವೆ" ಅನ್ನೋ ಮಾತಿನ ಜೊತೆ. ನಾವು ಬಸ್ಸಲ್ಲಿ ಮೂರು ಜನರ ಸೀಟಲ್ಲಿ ನಾಲ್ಕನೇಯವರಾಗಿ ಕೂರೋವಾಗ ಹೇಳೋ ಮಾತು ಇದು. ಅಲ್ಲಿ ಸರಿ. ಆದ್ರೆ ಒಂದು ಜೀವವನ್ನ ಮನೆಗೆ ತರೋವಾಗ ಈ ಮಾತು ಹೇಳಿದ್ರೆ, ಅದರ ಅರ್ಥ "ನಾನು ಏನೂ ಮಾಡಲ್ಲ, ಕಷ್ಟ ಅವು ಪಡಲಿ" ಅಂತ. ಅಡ್ಜಸ್ಟ್ ಆಗೋದು ಯಾವಾಗಲೂ ಬಾಯಿ ಇಲ್ಲದವರೇ. ನಮ್ಮನೆಯಲ್ಲಿ ಅದು ಮರಿ, ವಯಸ್ಸಾದ ನಾಯಿ, ಆಮೇಲೆ ಅಮ್ಮ.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆ ಗೊತ್ತಿರುತ್ತೆ. ಕೃಷ್ಣದೇವರಾಯ ಎಲ್ಲರಿಗೂ ಬೆಕ್ಕು ಕೊಟ್ಟು, ಸಾಕೋಕೆ ಹಸು ಕೊಟ್ಟ. ರಾಮಕೃಷ್ಣ ಮೊದಲನೇ ದಿನವೇ ಬೆಕ್ಕಿನ ಮುಂದೆ ಕುದಿಯೋ ಹಾಲು ಇಟ್ಟ. ಬಾಯಿ ಸುಟ್ಟುಕೊಂಡ ಬೆಕ್ಕು ಆಮೇಲೆ ಹಾಲು ಕಂಡ್ರೆ ಓಡ್ತಿತ್ತು. ಚಿಕ್ಕವರಿದ್ದಾಗ ನಾವು ರಾಮಕೃಷ್ಣನ ಜಾಣತನಕ್ಕೆ ನಕ್ಕಿದ್ವಿ. ಈಗ ಬೆಕ್ಕಿನ ಕಡೆಯಿಂದ ಯೋಚನೆ ಮಾಡಿ. ಮೊದಲನೇ ಸಲ ಆದ ಅನುಭವ ಆ ಪ್ರಾಣಿಗೆ ಪೂರ್ತಿ ಕಥೆ. ಹಾಲು ಆರಿದ ಮೇಲೂ ಅದು ನಂಬಲಿಲ್ಲ. ನಾನು ಬೋಂಡಾ ಮುಂದೆ ಕರಿಯನನ್ನ ತಂದು ನಿಲ್ಲಿಸಿದ್ದು ಕುದಿಯೋ ಹಾಲು ಇಟ್ಟ ಹಾಗೇ. ಎರಡು ನಿಮಿಷದ ವಿಡಿಯೋ ಆಸೆಗೆ ಎರಡು ತಿಂಗಳ ಕೆಲಸ ಹೆಚ್ಚಾಯ್ತು. ಆ ವಿಡಿಯೋನೂ ಪೂರ್ತಿ ಶೇಕ್ ಆಗಿದೆ, ನೆಲ ಬಿಟ್ರೆ ಏನೂ ಕಾಣಲ್ಲ.

ಶನಿವಾರ ಬೆಳಿಗ್ಗೆ ನಾನು ಆಸ್ಪತ್ರೆಗೆ ಹೋಗಿ ರೇಬೀಸ್ ಇಂಜೆಕ್ಷನ್ ತಗೊಂಡೆ. ಲಸಿಕೆ ಆಗದ ಬೆಕ್ಕು ಪರಚಿದ್ರೆ "ಚಿಕ್ಕ ಗೀರು" ಅಂತ ಬಿಡೋ ಹಾಗಿಲ್ಲ. ಗಾಯವನ್ನ ಸೋಪು ಹಾಕಿ, ಹರಿಯೋ ನೀರಲ್ಲಿ 15 ನಿಮಿಷ ತೊಳೆದು, ಆಸ್ಪತ್ರೆಗೆ ಹೋಗಬೇಕು. ನನಗೆ ಕೊಟ್ಟಿದ್ದು 0, 3, 7, 28ನೇ ದಿನ. ಅರೇ ಇಂಡೆಕ್ಸ್ ಥರ ಸೊನ್ನೆಯಿಂದ ಶುರು ಅಂತ ನಗು ಬಂತು. ಆಮೇಲೆ ಸಾಲಲ್ಲಿ ಕೂತಿದ್ದ ಪುಟ್ಟ ಹುಡುಗನ ಕಾಲಿನ ಗಾಯ ನೋಡಿ ನಗು ನಿಂತುಹೋಯ್ತು.

ಭಾನುವಾರ ಬೋಂಡಾ ಹೊರಗೆ ಬಂದ ಮೇಲೆ ಪಶುವೈದ್ಯರ ಹತ್ರ ಕರ್ಕೊಂಡು ಹೋದ್ವಿ. ಹಲ್ಲು ನೋಡಿ ಎರಡು ತಿಂಗಳು ಇರಬಹುದು ಅಂದ್ರು. ನಾನು ಕಥೆಯೆಲ್ಲ ಹೇಳಿದೆ. ಅವರು ಸಿಟ್ಟು ಮಾಡಲಿಲ್ಲ, ಒಂದೇ ಪ್ರಶ್ನೆ ಕೇಳಿದ್ರು. "ನಿಮ್ಮ ಹಾಸ್ಟೆಲ್‌ನಲ್ಲಿ ಮೊದಲನೇ ದಿನ ನಿನ್ನನ್ನ ಸೀನಿಯರ್‌ಗಳ ಮಧ್ಯೆ ತಂದು ನಿಲ್ಲಿಸಿ, ಬಾಗಿಲು ಹಾಕಿದ್ರೆ ಹೇಗಿರುತ್ತಮ್ಮ?"

ಅಲ್ಲಿಂದ ಎಲ್ಲ ಮೊದಲಿಂದ. ಬೋಂಡಾಗೆ ಅಜ್ಜಿ ರೂಮು. ಬಾಗಿಲು ಮುಚ್ಚಿದ್ದು. ಒಳಗೆ ಊಟ, ನೀರು, ಮರಳಿನ ಟ್ರೇ, ಅಡಗಿಕೊಳ್ಳೋಕೆ ಒಂದು ರಟ್ಟಿನ ಡಬ್ಬ. ಮೊದಲು ಪರಿಚಯ ಆಗಬೇಕಾದ್ದು ಮುಖ ಅಲ್ಲ, ವಾಸನೆ. ಹಳೇ ಟವೆಲ್‌ನಿಂದ ಕರಿಯನ ಮೈ ಉಜ್ಜಿ ಬೋಂಡಾ ರೂಮಲ್ಲಿ ಇಡೋದು, ಬೋಂಡಾ ಮಲಗಿದ ಬಟ್ಟೆಯನ್ನ ಕರಿಯನ ಚಾಪೆ ಹತ್ರ ಇಡೋದು. ಆಮೇಲೆ ಮುಚ್ಚಿದ ಬಾಗಿಲಿನ ಆ ಕಡೆ ಒಂದು ತಟ್ಟೆ, ಈ ಕಡೆ ಒಂದು ತಟ್ಟೆ. ಆ ವಾಸನೆ ಬಂದಾಗೆಲ್ಲ ಊಟವೂ ಬರುತ್ತೆ ಅಂತ ಎರಡೂ ಕಲೀಬೇಕು. ಆಮೇಲೆ ಬಾಗಿಲು ಒಂದಿಂಚು. ಆಮೇಲೆ ಕರಿಯನಿಗೆ ಬೆಲ್ಟ್ ಹಾಕಿ, ಐದು ನಿಮಿಷ ಎದುರುಬದುರು. ಅವನು ಮರಿ ಕಡೆಯಿಂದ ಮುಖ ತಿರುಗಿಸಿ ನಮ್ಮ ಕಡೆ ನೋಡಿದ್ರೆ ಒಂದು ಬಿಸ್ಕತ್ತು. ಯಾವುದಾದ್ರೂ ಒಂದು ಗುರ್ ಅಂದ್ರೆ ಬೈಯೋದಲ್ಲ, ಒಂದು ಹಂತ ಹಿಂದೆ ಹೋಗೋದು.

ಇದರಲ್ಲಿ ನನಗೆ ಹೊಸದಾಗಿ ಗೊತ್ತಾಗಿದ್ದು, ಇವೆರಡರ ಭಾಷೆನೇ ಬೇರೆ ಅನ್ನೋದು. ನಾಯಿ ಖುಷಿಯಲ್ಲಿ ಬಾಲ ಆಡಿಸುತ್ತೆ. ಬೆಕ್ಕು ಬಾಲವನ್ನ ಪಟಪಟ ಬಡಿದ್ರೆ ಅದಕ್ಕೆ ಕಿರಿಕಿರಿ ಆಗ್ತಿದೆ ಅಂತ. ನಾಯಿ ಬೆನ್ನ ಮೇಲೆ ಉರುಳಿದ್ರೆ ಎಷ್ಟೋ ಸಲ "ನಾನು ಸೋತೆ" ಅಂತ. ಹೆದರಿದ ಬೆಕ್ಕು ಉರುಳಿದ್ರೆ ನಾಲ್ಕೂ ಕಾಲಿನ ಉಗುರು ರೆಡಿ ಅಂತ. ಕರಿಯ ಬಾಲ ಆಡಿಸ್ತಾ ಹತ್ರ ಹೋದಾಗೆಲ್ಲ ಹೊಡೆಸಿಕೊಳ್ಳೋದು ಯಾಕೆ ಅಂತ ಪಾಪ ಅವನಿಗೂ ಅರ್ಥ ಆಗ್ತಿರಲಿಲ್ಲ. ಇಲ್ಲಿ ಕೆಟ್ಟವರು ಯಾರೂ ಇಲ್ಲ. ಟ್ರಾನ್ಸ್‌ಲೇಟ್ ಮಾಡೋರು ಬೇಕು ಅಷ್ಟೆ, ಮತ್ತೆ ಅದು ನಮ್ಮ ಕೆಲಸ.

ಈಗ ನೀವು ಕೇಳಬಹುದು, ನಮ್ಮ ಅಜ್ಜಿನೂ ಕೇಳಿದ್ರು, "ನಮ್ಮೂರಲ್ಲಿ ನಾಯಿನೂ ಇತ್ತು, ಬೆಕ್ಕೂ ಇತ್ತು, ಈ ಟವೆಲ್ ಉಜ್ಜೋ ನಾಟಕ ಯಾರು ಮಾಡ್ತಿದ್ರು?" ಇದು ಒಳ್ಳೆ ಪ್ರಶ್ನೆ. ನಾನು ಇದಕ್ಕೆ ಒಂದು ವಾರ ಉತ್ತರ ಹುಡುಕಿದೆ. ಕೊನೆಗೆ ಉತ್ತರ ಅಜ್ಜಿನೇ ಕೊಟ್ರು, ಅವರಿಗೇ ಗೊತ್ತಿಲ್ಲದ ಹಾಗೆ. ಅವರ ಊರಿನ ಮನೆ ಬಗ್ಗೆ ಹೇಳ್ತಾ, "ಬೆಕ್ಕು ಅಟ್ಟದ ಮೇಲೆ ಮರಿ ಹಾಕೋದು, ನಾಯಿ ಜಗಲಿ ದಾಟಿ ಒಳಗೆ ಬರ್ತಿರಲಿಲ್ಲ" ಅಂದ್ರು.

ನೋಡಿ, ಅಲ್ಲಿ ಅಟ್ಟ ಇತ್ತು. ಹಿತ್ತಲಿತ್ತು, ಸೌದೆ ರಾಶಿ ಇತ್ತು, ಹಂಚಿನ ಮಾಡು ಇತ್ತು. ಬೆಕ್ಕಿಗೆ ಬೇಡ ಅನಿಸಿದ್ರೆ ಮೇಲೆ ಹೋಗೋಕೆ ಜಾಗ ಇತ್ತು. ಅವು ಅಡ್ಜಸ್ಟ್ ಆಗಿರಲಿಲ್ಲ, ಒಬ್ಬರಿಂದ ಒಬ್ಬರು ದೂರ ಇರೋಕೆ ಆಗ್ತಿತ್ತು. ಬೆಕ್ಕಿಗೆ ಅಲ್ಲಿ ಇಲಿ ಹಿಡಿಯೋ ಕೆಲಸ ಇತ್ತು, ನಾಯಿಗೆ ಮನೆ ಕಾಯೋ ಕೆಲಸ. ಮತ್ತೆ ಎಷ್ಟೋ ಮರಿಗಳು ಉಳೀತಾನೇ ಇರಲಿಲ್ಲ, ಅದನ್ನ ಯಾರೂ ಲೆಕ್ಕ ಇಡಲಿಲ್ಲ. ನಮ್ಮ ಎರಡು ಬೆಡ್‌ರೂಮಿನ ಮನೆಯಲ್ಲಿ ಅಟ್ಟ ಇಲ್ಲ. ಲಾಫ್ಟ್ ಇದೆ, ಅದರ ತುಂಬ ಸೂಟ್‌ಕೇಸು, ದಸರಾ ಗೊಂಬೆ ಪೆಟ್ಟಿಗೆ. ಬಾಗಿಲು ಹಾಕಿದ ಮನೆಯಲ್ಲಿ ಓಡಿದ ಮರಿಗೆ ಸಿಗೋ ಒಂದೇ ಜಾಗ ಸೋಫಾದ ಹೊಟ್ಟೆ.

ಆದ್ದರಿಂದ ನನ್ನ ವಾದ ಇಷ್ಟು. ನಾಯಿ ಇರೋ ಮನೆಗೆ ಬೆಕ್ಕು ತರೋದಾದ್ರೆ, ಮೊದಲು ಅಟ್ಟ ಕಟ್ಟಿ, ಆಮೇಲೆ ಬೆಕ್ಕು ತನ್ನಿ. ನಿಜವಾದ ಅಟ್ಟ ಬೇಡ. ಪುಸ್ತಕದ ಶೆಲ್ಫಿನ ಮೇಲಿನ ಒಂದು ಹಲಗೆ ಖಾಲಿ ಮಾಡಿ. ಫ್ರಿಜ್ ಮೇಲೆ ಹತ್ತೋಕೆ ಒಂದು ಸ್ಟೂಲ್ ಇಡಿ. ನಾಯಿಗೆ ಸಿಗದ, ಬೆಕ್ಕಿಗೆ ಸಿಗೋ ಒಂದು ಎತ್ತರ. ಮರಳಿನ ಟ್ರೇ ಕೂಡ ನಾಯಿ ಮೂತಿ ಹಾಕದ ಕಡೆ ಇರಲಿ. ಬಾಲ್ಕನಿಗೆ ಬಲೆ ಹಾಕಿಸಿ, ಮಹಡಿಯಿಂದ ಬಿದ್ರೆ ಬೆಕ್ಕಿಗೂ ಕಾಲು ಮುರಿಯುತ್ತೆ. ಕೊನೆಯದಾಗಿ, ವಾಷಿಂಗ್ ಮಷಿನ್ ಆನ್ ಮಾಡೋ ಮೊದಲು ಒಳಗೆ ಒಂದು ಸಲ ನೋಡಿ.

ಇನ್ನು ಸೋಫಾ ವಿಷಯ. ಎರಡನೇ ವಾರಕ್ಕೆ ಬೋಂಡಾ ಸೋಫಾದ ಒಂದು ಮೂಲೆಯನ್ನ ಬ್ರಷ್ ಥರ ಮಾಡಿತ್ತು. ಅಪ್ಪನ ಸಹನೆ ಮುಗೀತು. ಪಕ್ಕದ ಮನೆಯವರು "ಉಗುರು ತೆಗೆಸಿಬಿಡಿ, ಫಾರಿನ್‌ನಲ್ಲಿ ಆಪರೇಷನ್ ಮಾಡ್ತಾರಂತೆ" ಅಂದ್ರು. ಇದನ್ನ ಎಲ್ಲರೂ ತಿಳ್ಕೊಬೇಕು. ಅದು ಉಗುರು ಕತ್ತರಿಸೋದಲ್ಲ. ಬೆಕ್ಕಿನ ಉಗುರು ಬೆಳೆಯೋದು ಬೆರಳಿನ ಕೊನೆಯ ಮೂಳೆಯಿಂದ. ಅದನ್ನ ತೆಗೀಬೇಕಂದ್ರೆ ಮೂಳೆನೇ ಕತ್ತರಿಸಬೇಕು. ನಮ್ಮ ಬೆರಳುಗಳನ್ನ ಕೊನೆಯ ಗೆಣ್ಣಿಗೆ ಕತ್ತರಿಸಿದ ಹಾಗೆ. ಬ್ರಿಟನ್‌ನಲ್ಲಿ ಇದು ನಿಷೇಧ. ಅಮೆರಿಕದಲ್ಲಿ ನ್ಯೂಯಾರ್ಕ್ ರಾಜ್ಯ 2019ರಲ್ಲಿ ನಿಷೇಧ ಮಾಡ್ತು. ಅಂದ್ರೆ ಫಾರಿನ್‌ನವರೇ ಬಿಡ್ತಾ ಇರೋದನ್ನ ನಾವು ಹೊಸ ಐಡಿಯಾ ಅಂದ್ಕೊಂಡಿದ್ವಿ.

ಬೆಕ್ಕು ಸೋಫಾ ಕೆರೆಯೋದು ಹಠಕ್ಕಲ್ಲ. ಹಳೇ ಉಗುರಿನ ಹೊರ ಸಿಪ್ಪೆ ಉದುರಬೇಕು, ಬೆನ್ನು ಭುಜ ಎಳೆದು ಮೈ ಮುರೀಬೇಕು, ಪಾದದಲ್ಲಿರೋ ಗ್ರಂಥಿಗಳಿಂದ ತನ್ನ ವಾಸನೆ ಹಚ್ಚಿ "ಇದು ನನ್ನ ಜಾಗ" ಅಂತ ಹೇಳಬೇಕು. ಆ ಕೆಲಸ ನಿಲ್ಲಿಸೋಕೆ ಆಗಲ್ಲ, ಜಾಗ ಬದಲಾಯಿಸೋಕೆ ಆಗುತ್ತೆ. ನಾವು ಮಾಡಿದ್ದು ಸಿಂಪಲ್. ಮುರಿದ ಸ್ಟೂಲಿನ ಒಂದು ಕಾಲು, ಅದಕ್ಕೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಅಲುಗಾಡದ ಹಾಗೆ ಒಂದು ಹಲಗೆಗೆ ಮೊಳೆ ಹೊಡೆದದ್ದು. ಬೆಕ್ಕು ಪೂರ್ತಿ ಮೈ ಚಾಚಿದ್ರೂ ಸಾಕಾಗೋ ಎತ್ತರ. ಅದನ್ನ ಮೂಲೆಯಲ್ಲೆಲ್ಲೋ ಇಟ್ರೆ ಪ್ರಯೋಜನ ಇಲ್ಲ, ಕೆರೀತಿದ್ದ ಸೋಫಾ ಮೂಲೆಯ ಪಕ್ಕದಲ್ಲೇ ಇಡಬೇಕು. ಸೋಫಾ ಮೂಲೆಗೆ ದಪ್ಪ ಪ್ಲಾಸ್ಟಿಕ್ ಹಾಳೆ ಸುತ್ತಿದ್ವಿ, ಉಗುರು ಹಿಡಿಯದ ಹಾಗೆ. ಅಕ್ಕಿಯ ಖಾಲಿ ಗೋಣಿಚೀಲ ಒಂದನ್ನ ನೆಲಕ್ಕೆ ಹಾಸಿದ್ವಿ. ಒಟ್ಟು ಖರ್ಚು ಹಗ್ಗದ್ದು ಮಾತ್ರ. ಮೂರು ವಾರದಲ್ಲಿ ಬೋಂಡಾ ಹಗ್ಗಕ್ಕೆ ಶಿಫ್ಟ್ ಆಯ್ತು. ಸೋಫಾ ಮೂಲೆ ಹಾಗೇ ಇದೆ. ಅಕ್ಕನ ನಿಶ್ಚಿತಾರ್ಥದ ಫೋಟೋಗಳಲ್ಲಿ ಅಲ್ಲೊಂದು ಹೂಕುಂಡ ಕಾಣುತ್ತೆ. ಯಾಕೆ ಅಂತ ಈಗ ನಿಮಗೆ ಗೊತ್ತು.

ಸೋಫಾ ಹೋದ್ರೆ ಹೋಗಲಿ, ಜೀವವೇ ಹೋಗೋ ಅಂಥ ತಪ್ಪುಗಳಿವೆ. ಅವುಗಳ ಬಗ್ಗೆ ಯಾವ ರೀಲ್ಸೂ ಹೇಳಲ್ಲ. ನಾಯಿಯ ಉಣ್ಣೆಗೆ ಹಾಕೋ ಕೆಲವು ಔಷಧಿಗಳಲ್ಲಿ ಪರ್ಮೆತ್ರಿನ್ ಇರುತ್ತೆ. ನಾಯಿಗೆ ಅದರಿಂದ ತೊಂದರೆ ಇಲ್ಲ. ಅದೇ ಔಷಧಿಯನ್ನ ಬೆಕ್ಕಿಗೆ ಹಾಕಿದ್ರೆ, ಅಥವಾ ಈಗಷ್ಟೇ ಹಾಕಿಸಿಕೊಂಡ ನಾಯಿಯನ್ನ ಬೆಕ್ಕು ನೆಕ್ಕಿದ್ರೆ, ನಡುಕ, ಫಿಟ್ಸ್ ಬಂದು ಸಾಯಬಹುದು. ಜ್ವರ ಅಂತ ನಾವು ನುಂಗೋ ಪ್ಯಾರಾಸಿಟಮಾಲ್ ಕೂಡ ಬೆಕ್ಕಿಗೆ ವಿಷ. ಅದರ ಲಿವರ್‌ಗೆ ಇಂಥವನ್ನ ಒಡೆಯೋ ಶಕ್ತಿ ಕಡಿಮೆ. ನಮ್ಮನೆಯಲ್ಲಿ ಕರಿಯನಿಗೆ ತಿಂಗಳಿಗೊಮ್ಮೆ ಉಣ್ಣೆ ಔಷಧಿ ಹಾಕ್ತಿದ್ವಿ. ಡಾಕ್ಟರ್ ಕೇಳದೇ ಇದ್ದಿದ್ರೆ ಮುಂದಿನ ವಾರ ಹಾಕ್ತಾ ಇದ್ವಿ, ಪಕ್ಕದಲ್ಲಿ ಬೋಂಡಾ ಇರ್ತಿತ್ತು. ಈಗಲೂ ನೆನೆಸಿಕೊಂಡ್ರೆ ಕೈ ತಣ್ಣಗಾಗುತ್ತೆ.

ಊಟದ್ದೂ ಅಷ್ಟೆ. ನಮ್ಮದು ಸಸ್ಯಾಹಾರಿ ಮನೆ. ಕರಿಯ ಮೊಸರನ್ನ, ಅದರ ಜೊತೆ ಡಾಗ್ ಫುಡ್ ತಿಂದು ಬೆಳೆದವನು. ಬೋಂಡಾಗೂ ಅದೇ ಸಾಕು ಅಂದ್ಕೊಂಡಿದ್ವಿ. ಬೆಕ್ಕಿನ ದೇಹ ಹಾಗಲ್ಲ, ಅದು ಮಾಂಸಾಹಾರಿನೇ. ಟಾರಿನ್ ಅನ್ನೋ ಪದಾರ್ಥ ಅದಕ್ಕೆ ಆಹಾರದಿಂದಲೇ ಸಿಗಬೇಕು. ಅದು ಕಡಿಮೆಯಾದ್ರೆ ಬೆಕ್ಕಿನ ಹೃದಯ ದುರ್ಬಲ ಆಗುತ್ತೆ ಅಂತ 1987ರಲ್ಲೇ ಗೊತ್ತಾಗಿದೆ. ಕಣ್ಣಿಗೂ ತೊಂದರೆ. ಅನ್ನ ಮೊಸರಲ್ಲಿ ಅಷ್ಟು ಟಾರಿನ್ ಇಲ್ಲ. ಡಾಗ್ ಫುಡ್ ಬೆಕ್ಕಿಗಾಗಿ ಮಾಡಿದ್ದೇ ಅಲ್ಲ. ಹಾಲು ಕೊಟ್ರೆ ಎಷ್ಟೋ ಮರಿಗಳಿಗೆ ಭೇದಿ ಆಗುತ್ತೆ. ಮನೆಯಲ್ಲಿ ಇದು ದೊಡ್ಡ ಚರ್ಚೆ ಆಯ್ತು. ಕೊನೆಗೆ ಬೆಕ್ಕಿನ ಊಟದ ಪ್ಯಾಕೆಟ್ಟಿಗೆ ಬೇರೆ ಡಬ್ಬ, ಬೇರೆ ಚಮಚ, ಅಡುಗೆಮನೆ ಹೊರಗೆ ಜಾಗ ಅಂತ ತೀರ್ಮಾನ. ತೀರ್ಮಾನ ಮಾಡಿದ್ದು ಅಜ್ಜಿ. "ತಂದಾಯ್ತಲ್ಲ, ಅದರ ಊಟ ಅದಕ್ಕೆ" ಅಂದ್ರು. ಮಾಂಸಾಹಾರ ಕೊಡೋಕೆ ಆಗಲ್ಲ ಅನ್ನೋ ಮನೆಗಳನ್ನ ನಾನು ತಪ್ಪು ಅನ್ನಲ್ಲ. ಆದ್ರೆ ಆ ಮನೆಗೆ ಬೆಕ್ಕು ಬೇಡ.

ಇಷ್ಟು ಹೊತ್ತು ನಾವು, ನಾವು ಅಂತ ಬರೆದೆ. ನಿಜ ಹೇಳ್ತೀನಿ. ಆ ಭಾನುವಾರ ರಾತ್ರಿ ಅಮ್ಮ ಕೇಳಿದ್ರು, "ನೀನು ಬಸ್ ಹತ್ತಿ ಹೋಗ್ತೀಯ ಕಣೇ, ಇವೆರಡನ್ನ ನೋಡ್ಕೊಳ್ಳೋರು ಯಾರು?" ನಾನು ಬುಧವಾರದ ತನಕ ಉಳಿದೆ. ಮೂರು ದಿನ ಅಟೆಂಡೆನ್ಸ್ ಹೋಯ್ತು. ನನ್ನ ತ್ಯಾಗ ಅಷ್ಟೆ. ಟವೆಲ್ ಉಜ್ಜಿದ್ದು, ಬಾಗಿಲ ಎರಡೂ ಕಡೆ ತಟ್ಟೆ ಇಟ್ಟಿದ್ದು, ದಿನಾ ಬಗ್ಗಿ ಟ್ರೇ ಕ್ಲೀನ್ ಮಾಡಿದ್ದು ಮಂಡಿ ನೋವಿರೋ ಅಮ್ಮ. ಒಳ್ಳೆ ಮನಸ್ಸು ಅಂತ ಹಾಸ್ಟೆಲ್‌ನಲ್ಲಿ ಹೆಸರು ಬಂದಿದ್ದು ನನಗೆ.

ಇದು ನನ್ನೊಬ್ಬಳ ಕಥೆ ಅಲ್ಲ ಅಂತ ನಿಮಗೂ ಗೊತ್ತು. ಪಿಜಿ ರೂಮಲ್ಲಿ ಮರಿ ಸಾಕ್ತಾರೆ, ಸೆಮ್ ಮುಗಿದಾಗ ಗೇಟ್ ಹೊರಗೆ ಬಿಟ್ಟು ಹೋಗ್ತಾರೆ. ಇಲ್ಲಾಂದ್ರೆ ನನ್ನ ಥರ ಮನೆಗೆ ಸಾಗಿಸ್ತಾರೆ. ಒಂದು ಸಣ್ಣ ಲೆಕ್ಕ ಮಾಡಿ. ಮನೆಯಲ್ಲಿ ಚೆನ್ನಾಗಿ ಸಾಕಿದ ಬೆಕ್ಕು 15 ವರ್ಷ ಬದುಕಬಹುದು. ನನಗೆ ಈಗ 19. ಬೋಂಡಾಗೆ 15 ಆದಾಗ ನನಗೆ 34. ನಾಲ್ಕನೇ ಸೆಮ್ ಎಲೆಕ್ಟಿವ್ ಆರಿಸೋಕೆ ಆಗದ ನಾನು 34ರ ತನಕದ ಒಂದು ನಿರ್ಧಾರವನ್ನ ಮೆಸ್ ಹಿಂದೆ ಐದು ನಿಮಿಷದಲ್ಲಿ ಮಾಡಿದ್ದೆ.

"ಹಾಗಾದ್ರೆ ಮರಿಯನ್ನ ಸಾಯೋಕೆ ಬಿಡಬೇಕಿತ್ತಾ?" ಅಂತ ರೂಮ್‌ಮೇಟ್ ಕೇಳಿದಳು. ಇಲ್ಲ. ಎತ್ಕೊಳ್ಳೋ ಮುಂಚೆ ದೂರದಿಂದ ಕೆಲವು ಗಂಟೆ ನೋಡಿ. ಎಷ್ಟೋ ಸಲ ತಾಯಿ ಊಟ ಹುಡುಕೋಕೆ ಹೋಗಿರುತ್ತೆ, ನಾವು "ಅನಾಥ" ಅಂತ ಎತ್ಕೊಂಡು ಅದನ್ನ ಅನಾಥ ಮಾಡ್ತೀವಿ. ತಾಯಿ ನಿಜಕ್ಕೂ ಇಲ್ಲ ಅಂದ್ರೆ ಎತ್ಕೊಳ್ಳಿ. ಆದ್ರೆ ಅವತ್ತೇ ಒಂದು ಫೋನ್ ಮಾಡಿ. ದಿನಾ ಟ್ರೇ ಕ್ಲೀನ್ ಮಾಡೋರು ಯಾರೋ ಅವರನ್ನ ಕೇಳಿ. ಅವರು "ಬೇಡ" ಅಂದ್ರೆ ಅದು ಕಲ್ಲು ಮನಸ್ಸಲ್ಲ, ಅವರಿಗೆ ಅವರ ಮಂಡಿ ಗೊತ್ತು ಅಷ್ಟೆ. ಆಗ ಬೇರೆ ಮನೆ ಹುಡುಕೋ ಕೆಲಸ ನಿಮ್ಮದು. ಮನೆಗೇ ಹೋದ್ರೂ ಮೊದಲು ಡಾಕ್ಟರ್, ಆಮೇಲೆ ಮುಚ್ಚಿದ ಒಂದು ರೂಮು, ಆಮೇಲೆ ನಾಯಿ. ಲಸಿಕೆ ಹಾಕಿಸಿ. ಐದಾರು ತಿಂಗಳಿಗೆ ಆಪರೇಷನ್ ಮಾಡಿಸಿ, ಇಲ್ಲಾಂದ್ರೆ ಮುಂದಿನ ವರ್ಷ ಇನ್ಯಾವುದೋ ಮೆಸ್ ಹಿಂದೆ ಇನ್ನು ನಾಲ್ಕು ಮರಿ.

ಈಗ ಬೋಂಡಾಗೆ ಏಳು ತಿಂಗಳು. ಕರಿಯನ ಜೊತೆ ತಬ್ಬಿಕೊಂಡು ಮಲಗುತ್ತಾ ಅಂತ ಎಲ್ಲರೂ ಕೇಳ್ತಾರೆ. ಇಲ್ಲ. ಮಲಗೋದೂ ಇಲ್ಲ ಅನಿಸುತ್ತೆ. ಕರಿಯ ಚಾಪೆ ಮೇಲೆ ಇರ್ತಾನೆ, ಬೋಂಡಾ ಶೆಲ್ಫಿನ ಮೇಲಿನ ಹಲಗೆಯಲ್ಲಿ ನನ್ನ ಪಿಯುಸಿ ಗೈಡುಗಳ ಜಾಗದಲ್ಲಿ ಇರುತ್ತೆ. ಬೋಂಡಾ ಕೆಳಗೆ ಇಳಿದಾಗ ಕರಿಯ ತಲೆ ಎತ್ತಿ ನೋಡ್ತಾನೆ, ಆಮೇಲೆ ತಲೆ ಕೆಳಗೆ ಹಾಕ್ತಾನೆ. ಇಷ್ಟೇ. ಇದಕ್ಕೆ ಎರಡು ತಿಂಗಳು ಹಿಡೀತು.

ಹೋದ ವಾರ ಅಮ್ಮ ಒಂದು ಫೋಟೋ ಕಳಿಸಿದ್ರು. ಲಾಫ್ಟಿನ ಒಂದು ಕಡೆ ಖಾಲಿ ಮಾಡಿದ್ದಾರೆ, ದಸರಾ ಗೊಂಬೆ ಪೆಟ್ಟಿಗೆ ಮಂಚದ ಕೆಳಗೆ ಹೋಗಿದೆ. ಹತ್ತೋಕೆ ಅಪ್ಪ ಗೋಡೆಗೆ ಮೂರು ಹಲಗೆ ಹೊಡೆದಿದ್ದಾರೆ. ಕೆಳಗೆ ಅಜ್ಜಿಯ ವಾಯ್ಸ್ ಮೆಸೇಜ್, "ಬಂದು ನೋಡು, ಅಟ್ಟ ಆಯ್ತು. ಈ ಸಲ ಬರೋವಾಗ ಇನ್ನೇನೂ ತರಬೇಡ."